ಕಿಸೆಯೊಳಗಿನ ಬೆಂಕಿ

ಮನುಷ್ಯ ಬೆಂಕಿ ಮಾಡುವುದನ್ನು ಹೇಗೆ ಕಲಿತ ಎಂಬುದನ್ನು ನಮ್ಮ ಇತಿಹಾಸದ ಪುಸ್ತಕಗಳು ಮೊದಲನೆಯ ಪಾಠದಲ್ಲೇ ನಾಲ್ಕು ಸಾಲಿನಲ್ಲಿ ಹೇಳಿ ಮುಗಿಸುತ್ತವೆ. ಕಲ್ಲಿಗೆ ಕಲ್ಲು ತಾಕಿತು, ಕಿಡಿ ಹಾರಿತು, ಒಣಗಿದ ಎಲೆ ಹೊತ್ತಿತು, ಮನುಷ್ಯ ಬೇಯಿಸಿ ತಿನ್ನುವುದನ್ನು ಕಲಿತ. ಮುಂದಿನ ಪಾಠಕ್ಕೆ ಬರುವಷ್ಟರಲ್ಲಿ ಆತ ಆಗಲೇ ಗೋದಿ ಬಿತ್ತುತ್ತಿರುತ್ತಾನೆ. ನಡುವಿನ ಒಂದು ಪ್ರಶ್ನೆ ಮಾತ್ರ ಹಾಗೆಯೇ ಉಳಿದುಬಿಡುತ್ತದೆ. ಹೊತ್ತಿದ ಬೆಂಕಿಯನ್ನು ಮರುದಿನದವರೆಗೆ ಕಾದವರು ಯಾರು? ಅದನ್ನು ಜೊತೆಯಲ್ಲಿ ಇಟ್ಟುಕೊಂಡು ಊರಿಂದೂರಿಗೆ ಒಯ್ದವರು ಯಾರು? ಮೂವತ್ತು ವರ್ಷಕ್ಕೆ ಹತ್ತಿರ ಇತಿಹಾಸ ಕಲಿಸಿದ ನನಗೆ ಬೆಂಕಿಯ ಕಥೆಯಲ್ಲಿ ಇದೇ ಭಾಗದ ಮೇಲೆ ಆಸೆ ಹೆಚ್ಚು. ಈ ಕಥೆಯ ಒಂದು ತುದಿ ನಮ್ಮ ಮನೆಯ ಅಡಿಗೆಕೋಣೆಯ ಮಾಡದಲ್ಲಿ, ಬೆರಳುದ್ದದ ಒಂದು ಉಕ್ಕಿನ ಲೈಟರಿನ ರೂಪದಲ್ಲಿ ಬಹಳ ವರ್ಷ ಕುಳಿತಿತ್ತು ಎನ್ನುವುದೂ ಅದಕ್ಕೊಂದು ಕಾರಣ.

ನಮ್ಮೂರು ಜಾಂಬೋಟಿ. ಬೆಳಗಾವಿಯಿಂದ ಚೋರ್ಲಾ ಘಾಟಿನ ಮೂಲಕ ಗೋವಾಕ್ಕೆ ಹೋದವರು ಬಸ್ಸಿನ ಕಿಟಕಿಯಿಂದ ಈ ಊರನ್ನು ಕಂಡಿರುತ್ತೀರಿ. ಖಾನಾಪುರ ತಾಲೂಕಿನ ಕಾಡು ಇಲ್ಲಿಂದ ದಟ್ಟವಾಗುತ್ತ ಹೋಗುತ್ತದೆ. ಮುಂದೆ ಕಣಕುಂಬಿ, ಮಲಪ್ರಭೆ ಹುಟ್ಟುವ ಜಾಗ. ಇಲ್ಲಿ ಕಡ್ಡಿಪೆಟ್ಟಿಗೆ ಎಂದರೂ ಅಂಗಡಿಯವ ಕೊಡುತ್ತಾನೆ, ಕಾಡೇಪೆಟಿ ಎಂದರೂ ಕೊಡುತ್ತಾನೆ. ಆದರೆ ಜೂನ್ ತಿಂಗಳು ಬಂತೆಂದರೆ ಯಾವ ಭಾಷೆಯಲ್ಲಿ ಕೇಳಿ ತಂದ ಕಡ್ಡಿಯೂ ಹೊತ್ತುವುದಿಲ್ಲ. ಮಳೆ ಒಮ್ಮೆ ಹಿಡಿಯಿತೆಂದರೆ ವಾರಗಟ್ಟಲೆ ಬಿಡುವುದಿಲ್ಲ. ಗೋಡೆ ಬೆವರುತ್ತದೆ, ಉಪ್ಪು ನೀರಾಗುತ್ತದೆ, ಕಡ್ಡಿಪೆಟ್ಟಿಗೆಯ ಪಕ್ಕದ ಮದ್ದು ಮೆತ್ತಗಾಗಿ ಕೊರೆದರೆ ಕಿತ್ತುಬರುತ್ತದೆ. ಅವ್ವ ಕಡ್ಡಿಪೆಟ್ಟಿಗೆಯನ್ನು ಅಕ್ಕಿಯ ಡಬ್ಬಿಯಲ್ಲಿ ಹೂತಿಡುತ್ತಿದ್ದಳು. ಬೇಕಾದಾಗ ಕಡ್ಡಿಯ ತಲೆಯನ್ನು ತನ್ನ ಕೂದಲಲ್ಲಿ ಮೆಲ್ಲಗೆ ಹೊರಳಿಸಿ ಪಸೆ ಆರಿಸಿ, ಆಮೇಲೆ ಕೊರೆಯುತ್ತಿದ್ದಳು. ಐದು ಕಡ್ಡಿಗೆ ಒಂದು ಹತ್ತಿದರೆ ಆ ದಿನ ಒಳ್ಳೆಯದು.

ಅದಕ್ಕೇ ನಮ್ಮ ಹಿಂದಿನವರು ಬೆಂಕಿಯನ್ನು ಆರಗೊಡುತ್ತಿರಲಿಲ್ಲ. ರಾತ್ರಿ ಅಡಿಗೆ ಮುಗಿದ ಮೇಲೆ ದಪ್ಪ ಕೆಂಡವೊಂದನ್ನು ಒಲೆಯ ಮೂಲೆಗೆ ಸರಿಸಿ, ಮೇಲೆ ಕುಳ್ಳಿನ ಚೂರು ಇಟ್ಟು, ಬೂದಿ ಮುಚ್ಚುತ್ತಿದ್ದರು. ಬೆಳಗಿನ ಜಾವ ಬೂದಿ ಸರಿಸಿ ಊದಿದರೆ ಅದು ಕಣ್ಣು ಬಿಡುತ್ತಿತ್ತು. ಯಾರ ಮನೆಯ ಕೆಂಡ ಆರಿದೆಯೋ ಅವರು ಒಂದು ಕುಳ್ಳು ಹಿಡಿದು ನೆರೆಮನೆಗೆ ಹೋಗಿ ಬೆಂಕಿ ತರುತ್ತಿದ್ದರು. ಬೂದಿ ಮುಚ್ಚಿದ ಕೆಂಡ ಎಂಬ ಮಾತನ್ನು ನಾವು ಈಗ ಸಿಟ್ಟಿನ ಮನುಷ್ಯನಿಗೆ, ಒಳಗೊಳಗೇ ಕುದಿಯುವ ಜಗಳಕ್ಕೆ ಬಳಸುತ್ತೇವೆ. ಅದು ಮೂಲದಲ್ಲಿ ಹೆಣ್ಣುಮಕ್ಕಳ ದಿನನಿತ್ಯದ ಕೆಲಸ. ಬೆಂಕಿಯನ್ನು ಕಾಯುವ ಕೆಲಸ.

ಹೊಲಕ್ಕೆ, ಕಾಡಿಗೆ ಹೋಗುವ ಗಂಡಸರದು ಬೇರೆ ವ್ಯವಸ್ಥೆ. ಅವರ ಚಂಚಿಯಲ್ಲಿ ಎಲೆ, ಅಡಿಕೆ, ಸುಣ್ಣದ ಡಬ್ಬಿಯ ಜೊತೆಗೆ ಚಕಮಕಿ ಇರುತ್ತಿತ್ತು: ಒಂದು ಬೆಣಚುಕಲ್ಲು, ಒಂದು ಉಕ್ಕಿನ ತುಂಡು, ಒಂದಿಷ್ಟು ಒಣ ಅರಳೆ. ಕಲ್ಲಿನ ಚೂಪು ಅಂಚು ಉಕ್ಕನ್ನು ಹೆರೆಯುತ್ತದೆ. ಹಾಗೆ ಹೆರೆದ ಉಕ್ಕಿನ ಪುಡಿ ಎಷ್ಟು ಸಣ್ಣದೆಂದರೆ ಗಾಳಿ ತಗುಲಿದ ಕೂಡಲೇ ಉರಿದುಹೋಗುತ್ತದೆ. ಅದೇ ಕಿಡಿ. ಉರಿಯುವುದು ಕಲ್ಲು ಎಂದು ನಾವು ತಿಳಿಯುತ್ತೇವೆ, ನಿಜಕ್ಕೂ ಉರಿಯುವುದು ಕಬ್ಬಿಣ. ಕಿಸೆಯಲ್ಲಿ ಒಯ್ಯುವ ಲೈಟರಿನ ಮುತ್ತಜ್ಜ ಈ ಚಕಮಕಿಯೇ. ಕಿಡಿ, ಅದನ್ನು ಹಿಡಿಯುವ ಅರಳೆ, ಎರಡನ್ನೂ ಇಡಲು ಒಂದು ಚೀಲ. ಮುಂದೆ ಬಂದವರು ಇದಕ್ಕೆ ಎಣ್ಣೆ ಸೇರಿಸಿದರು, ಚೀಲದ ಬದಲು ಲೋಹದ ಡಬ್ಬಿ ಮಾಡಿದರು, ಅಷ್ಟೇ.

ಕಡ್ಡಿಪೆಟ್ಟಿಗೆ ಹಳೆಯದು, ಲೈಟರು ಹೊಸದು ಎಂದು ನಮ್ಮಲ್ಲಿ ಅನೇಕರ ಎಣಿಕೆ. ಚರಿತ್ರೆ ಹಾಗಿಲ್ಲ. 1823ರಲ್ಲಿ ಡೋಬರೈನರ್ ಎಂಬ ಜರ್ಮನಿಯ ರಸಾಯನಶಾಸ್ತ್ರಜ್ಞ ಒಂದು ದೀಪ ಮಾಡಿದ. ಆಮ್ಲದಲ್ಲಿ ಸತುವಿನ ತುಂಡನ್ನು ಇಳಿಬಿಟ್ಟು, ಹುಟ್ಟಿದ ಜಲಜನಕವನ್ನು ಪ್ಲಾಟಿನಮ್ಮಿನ ಮೇಲೆ ಹಾಯಿಸಿದರೆ ಜ್ವಾಲೆ ಏಳುತ್ತಿತ್ತು. ಇಂಗ್ಲೆಂಡಿನ ಸ್ಟಾಕ್ಟನ್ ಊರಿನ ಔಷಧ ವ್ಯಾಪಾರಿ ಜಾನ್ ವಾಕರ್ ಗೀರಿದರೆ ಹೊತ್ತುವ ಕಡ್ಡಿಯನ್ನು ಮಾರತೊಡಗಿದ್ದು 1827ರಲ್ಲಿ. ಅಂದರೆ ಲೈಟರು ಅಕ್ಕ, ಕಡ್ಡಿ ತಂಗಿ. ಆದರೆ ಅಕ್ಕ ಮೇಜಿನ ಮೇಲೆ ಕೂರುವಷ್ಟು ದಪ್ಪ, ಹೊಟ್ಟೆಯಲ್ಲಿ ಆಮ್ಲ ಬೇರೆ. ಯಾರ ಕಿಸೆಗೂ ಹೊಂದುವಂತಿರಲಿಲ್ಲ. ತಂಗಿ ತೆಳ್ಳಗೆ, ಅಗ್ಗ. ಊರೂರು ಸುತ್ತಿ ಗೆದ್ದುಬಂದಳು.

ಅಕ್ಕ ಕಿಸೆಗೆ ಇಳಿಯಲು ಎಂಬತ್ತು ವರ್ಷ ಕಾಯಬೇಕಾಯಿತು. ಆ ಕೆಲಸ ಮಾಡಿದವನು ಆಸ್ಟ್ರಿಯಾದ ವಿಜ್ಞಾನಿ ಕಾರ್ಲ್ ಆಯರ್ ಫಾನ್ ವೆಲ್ಸ್‌ಬಾಖ್. ಹೆಸರು ನಾಲಿಗೆಗೆ ತೊಡಕಾದರೂ ಆತನ ಒಂದು ಕೈಕೆಲಸವನ್ನು ನಾವೆಲ್ಲ ನೋಡಿದವರೇ. ಮದುವೆಮನೆಯಲ್ಲಿ, ಬಯಲಾಟದ ರಂಗದ ಮೇಲೆ ಭುಸುಗುಡುತ್ತ ಉರಿಯುತ್ತಿದ್ದ ಪೆಟ್ರೋಮ್ಯಾಕ್ಸ್ ದೀಪದೊಳಗಿನ ಆ ಬಿಳಿಯ ಜಾಳಿಗೆ, ನಾವು ಮ್ಯಾಂಟಲ್ ಎನ್ನುತ್ತಿದ್ದೆವಲ್ಲ, ಅದು ಅವನದೇ. ಮ್ಯಾಂಟಲಿಗೆ ಥೋರಿಯಂ ಬೇಕು. ಥೋರಿಯಂ ಮೋನಜೈಟ್ ಎಂಬ ಮರಳಿನಲ್ಲಿದೆ. ಆ ಮರಳಿನಿಂದ ಥೋರಿಯಂ ತೆಗೆದ ಮೇಲೆ ಸೀರಿಯಂ ಮುಂತಾದ ಲೋಹಗಳು ರಾಶಿಯಾಗಿ ಮಿಗುತ್ತಿದ್ದವು. ಮಿಕ್ಕದ್ದನ್ನು ಚೆಲ್ಲದೆ ಏನಾದರೂ ಮಾಡಬೇಕೆಂದು ಅವನು ಅದಕ್ಕೆ ಕಬ್ಬಿಣ ಬೆರೆಸಿ ನೋಡಿದ. ಸುಮ್ಮನೆ ಕೆರೆದರೂ ಕಿಡಿಯ ಮಳೆ ಸುರಿಸುವ ಮಿಶ್ರಲೋಹ ಸಿಕ್ಕಿತು. 1903ರಲ್ಲಿ ಅದಕ್ಕೆ ಪೇಟೆಂಟ್ ಪಡೆದ. ಇಂದಿಗೂ ಲೈಟರಿಗೆ ಹಾಕುವ, ನಾವು ಕಲ್ಲು ಎಂದು ಕರೆಯುವ ಸಣ್ಣ ತುಂಡು ಅದೇ. ಅದು ಕಲ್ಲೇ ಅಲ್ಲ. ನಿನ್ನೆಯ ಅನ್ನವನ್ನು ಚಿತ್ರಾನ್ನ ಮಾಡುವ ನಮ್ಮ ಹೆಣ್ಣುಮಕ್ಕಳಿಗೆ ಈ ವಿಜ್ಞಾನಿಯ ಬುದ್ಧಿ ಬೇಗ ಅರ್ಥವಾದೀತು.

ಈ ಕಥೆಗೆ ನಮ್ಮ ನೆಲದ ನಂಟೂ ಉಂಟು. 1909ರಲ್ಲಿ ಶೋಂಬರ್ಗ್ ಎಂಬ ಜರ್ಮನ್ ರಸಾಯನಶಾಸ್ತ್ರಜ್ಞ ಅಂದಿನ ತಿರುವಾಂಕೂರು ಸಂಸ್ಥಾನದ ಮಣವಾಳಕುರಿಚಿಯ ಕಡಲ ದಂಡೆಯಲ್ಲಿ ಮೋನಜೈಟ್ ಮರಳನ್ನು ಗುರುತಿಸಿದ. ಇಲ್ಲಿಂದ ಹೋದ ತೆಂಗಿನ ನಾರಿಗೆ ಅಂಟಿದ ಮರಳು ಅವನ ಕಣ್ಣಿಗೆ ಬಿದ್ದು ಜಾಡು ಸಿಕ್ಕಿತು ಎಂದು ಹೇಳುತ್ತಾರೆ. ಮುಂದೆ ಆ ಮರಳು ಜರ್ಮನಿಗೆ ಹಡಗೇರಿತು. ಪಾನಪಟ್ಟಿ ಅಂಗಡಿಗಳ ಮುಂದೆ ಗಿರಾಕಿಗಳ ಬೀಡಿ ಹೊತ್ತಿಸಲು ಕನಲುತ್ತ ನೇತಾಡುತ್ತಿದ್ದುದೂ ತೆಂಗಿನ ನಾರಿನ ಹಗ್ಗವೇ. ಬಡವನ ಬೆಂಕಿಗೂ ಸಾಹುಕಾರನ ಲೈಟರಿಗೂ ನಡುವೆ ಇದೊಂದು ನಾರಿನ ಎಳೆ ಇದೆ ಎಂದು ನೆನೆದಾಗಲೆಲ್ಲ ನನಗೆ ನಗು ಬರುತ್ತದೆ.

ಲೈಟರು ಮನೆಮನೆಗೆ ಬಂದದ್ದು ಯುದ್ಧದ ದೆಸೆಯಿಂದ. ಮೊದಲನೆಯ ಮಹಾಯುದ್ಧದ ಕಂದಕಗಳಲ್ಲಿ ಕುಳಿತ ಸಿಪಾಯಿಗಳಿಗೆ ಒದ್ದೆ ಕಡ್ಡಿಯ ಕಷ್ಟ ನಮ್ಮ ಜಾಂಬೋಟಿಯ ಹೆಂಗಸರಿಗೆ ಗೊತ್ತಿದ್ದಷ್ಟೇ ಚೆನ್ನಾಗಿ ಗೊತ್ತಾಯಿತು. ಅವರು ಸಿಡಿದು ಬಿದ್ದ ತೋಟಾದ ಕೊಳವೆಯೊಳಗೆ ಅರಳೆ ತುರುಕಿ, ಬತ್ತಿ ಇಟ್ಟು, ಮೇಲೊಂದು ಚಕ್ರ ಕೂರಿಸಿ ತಾವೇ ಲೈಟರು ಮಾಡಿಕೊಂಡರು. ಯುದ್ಧ ಮುಗಿದ ಮೇಲೆ ವಿಯೆನ್ನಾದ ಇಮ್ಕೋ ಎಂಬ ಕಂಪನಿ ಈ ಕೆಲಸಕ್ಕೆ ಇಳಿಯಿತು. 1907ರಲ್ಲಿ ಗುಂಡಿ ಮಾಡುವುದಕ್ಕೆಂದು ಹುಟ್ಟಿದ ಕಂಪನಿ ಅದು. ಅಮೆರಿಕೆಯ ಪೆನ್ಸಿಲ್ವೇನಿಯಾದ ಬ್ರಾಡ್‌ಫರ್ಡ್ ಊರಿನಲ್ಲಿ ಜಾರ್ಜ್ ಬ್ಲೇಸ್ಡೆಲ್ ಎಂಬಾತ ಗೆಳೆಯನೊಬ್ಬನ ಕೈಯಲ್ಲಿದ್ದ ಆಸ್ಟ್ರಿಯಾದ ಲೈಟರನ್ನು ಕಂಡು, ಅದಕ್ಕಿಂತ ಸರಾಗವಾದದ್ದನ್ನು ಮಾಡಲು ಹೊರಟು 1932ರಲ್ಲಿ ಜಿಪ್ಪೋ ಕಂಪನಿ ಕಟ್ಟಿದ. ಬೆಲೆ ಒಂದು ಡಾಲರ್ ತೊಂಬತ್ತೈದು ಸೆಂಟು. ಕೆಟ್ಟರೆ ಎಂದಾದರೂ ತನ್ನಿ, ದುಡ್ಡಿಲ್ಲದೆ ರಿಪೇರಿ ಮಾಡಿಕೊಡುತ್ತೇವೆ ಎಂದು ಮಾತು ಕೊಟ್ಟ. ಆ ಮಾತನ್ನು ಕಂಪನಿ ಇಂದಿಗೂ ನಡೆಸಿಕೊಂಡು ಬಂದಿದೆ. ಎರಡನೆಯ ಯುದ್ಧದಲ್ಲಿ ಅದರ ಲೈಟರುಗಳೆಲ್ಲ ಅಮೆರಿಕದ ಸೈನಿಕರ ಕಿಸೆಗೆ ಹೋದವು. ಹಿತ್ತಾಳೆಗೆ ಬರ ಬಂದಿದ್ದರಿಂದ ಉಕ್ಕಿನಲ್ಲಿ ಮಾಡಿ, ಮೇಲೆ ಕಪ್ಪು ಬಣ್ಣ ಬಳಿದು ಕೊಟ್ಟರು.

ಇಲ್ಲಿಯವರೆಗೆ ಇದು ಜಾಣರ, ಸಿಪಾಯಿಗಳ ಕಥೆ. ಸರಕಾರಗಳು ನಡುವೆ ಬರುವುದು ಇಲ್ಲಿಂದ ಮುಂದೆ. ಬೆಂಕಿ ಎಲ್ಲರಿಗೂ ಬೇಕು, ಆದ್ದರಿಂದ ಅದರ ಮೇಲಿನ ತೆರಿಗೆ ಬಿಡುವಂಥದ್ದಲ್ಲ. ಬ್ರಿಟಿಷ್ ಸರಕಾರ 1934ರಲ್ಲಿ ಕಡ್ಡಿಪೆಟ್ಟಿಗೆಯ ಮೇಲೆ ಅಬಕಾರಿ ಸುಂಕ ಹಾಕಿತು. ಕಡ್ಡಿ ತುಟ್ಟಿಯಾದರೆ ಜನ ಲೈಟರಿನತ್ತ ತಿರುಗಿಯಾರು ಎಂಬ ಎಚ್ಚರಿಕೆಯೂ ಇತ್ತು ಎಂದು ತೋರುತ್ತದೆ. ಅದೇ ವರ್ಷ ಲೈಟರಿನ ಮೇಲೂ ಸುಂಕ ಹೇರುವ ಪ್ರತ್ಯೇಕ ಕಾಯಿದೆಯೊಂದು ಬಂತು. ಹತ್ತು ವರ್ಷದ ಮೇಲೆ, 1944ರಲ್ಲಿ, ಇಂಥ ಬಿಡಿ ಕಾಯಿದೆಗಳನ್ನೆಲ್ಲ ಒಟ್ಟುಗೂಡಿಸಿ ಕೇಂದ್ರ ಅಬಕಾರಿ ಮತ್ತು ಉಪ್ಪಿನ ಕಾಯಿದೆ ಮಾಡಿದರು. ನಮ್ಮ ಅಂಕೋಲೆಯ ಜನ 1930ರಲ್ಲಿ ಯಾವ ಉಪ್ಪಿಗಾಗಿ ಸತ್ಯಾಗ್ರಹ ಮಾಡಿದರೋ ಆ ಉಪ್ಪು, ಕಡ್ಡಿಪೆಟ್ಟಿಗೆ, ಲೈಟರು ಎಲ್ಲವೂ ಒಂದೇ ಕಾಯಿದೆಯ ಪುಟಗಳಲ್ಲಿ ಪಕ್ಕಪಕ್ಕ ಕುಳಿತವು. ಉಪ್ಪಿಗೆ ಗಾಂಧೀಜಿ ಸಿಕ್ಕರು. ಲೈಟರಿಗೆ ಯಾರೂ ಸಿಗಲಿಲ್ಲ.

ಘಟ್ಟದ ಕೆಳಗಿನ ಗೋವಾವನ್ನು ಆಳುತ್ತಿದ್ದ ಪೋರ್ಚುಗಲ್ ದೇಶದ ಕಥೆ ಇನ್ನೂ ಸ್ವಾರಸ್ಯ. ಸಾಲಾಜಾರನ ಸರಕಾರ ಅಲ್ಲಿನ ಕಡ್ಡಿಪೆಟ್ಟಿಗೆ ಉದ್ಯಮವನ್ನು ಕಾಪಾಡಲು 1937ರಲ್ಲಿ ಒಂದು ಕಾನೂನು ತಂದಿತು. ಆ ದೇಶದಲ್ಲಿ ಲೈಟರು ಹಿಡಿದು ಓಡಾಡಬೇಕಾದರೆ ಲೈಸೆನ್ಸ್ ಬೇಕು! ಸೈಕಲ್ಲಿಗೆ, ರೇಡಿಯೋಕ್ಕೆ ಲೈಸೆನ್ಸ್ ಇದ್ದ ಕಾಲವನ್ನು ನಮ್ಮ ಹಿರಿಯರು ಕಂಡಿದ್ದಾರೆ, ಲೈಟರಿಗೆ ಲೈಸೆನ್ಸ್ ಎಂದರೆ ಅವರೂ ನಕ್ಕಾರು. ಇಲ್ಲದೆ ಸಿಕ್ಕಿಬಿದ್ದರೆ 250 ಎಸ್ಕುದೊ ದಂಡ. ಹಿಡಿದುಕೊಟ್ಟವನಿಗೆ ದಂಡದಲ್ಲಿ ಪಾಲು. ಮನೆಯ ಸೂರಿನ ಕೆಳಗೆ ಹೊತ್ತಿಸಿದರೆ ಮಾತ್ರ ತಪ್ಪಿಲ್ಲ. ಅದಕ್ಕೆ ಕೆಲವರು ಹಂಚಿನ ತುಂಡೊಂದನ್ನು ಜೊತೆಗೊಯ್ದು, ಅದನ್ನು ತಲೆಯ ಮೇಲೆ ಹಿಡಿದು, ಸೂರಿನ ಕೆಳಗೇ ಇದ್ದೇನೆ ಎನ್ನುತ್ತಿದ್ದರಂತೆ. ಅದು ಅಲ್ಲಿನವರ ಹಾಸ್ಯ. ನಮ್ಮ ಖಾನಾಪುರದ ಹಂಚಿನವರಿಗೆ ಗೊತ್ತಾಗಿದ್ದರೆ ಒಳ್ಳೆ ವ್ಯಾಪಾರವಾಗುತ್ತಿತ್ತು. ಈ ಕಾನೂನು ಹೋದದ್ದು 1970ರಲ್ಲಿ. ಅಷ್ಟರಲ್ಲಿ ಗೋವಾ ಪೋರ್ಚುಗೀಸರ ಕೈಬಿಟ್ಟು ಎಂಟು ವರ್ಷ ದಾಟಿತ್ತು.

ನನ್ನ ಅಪ್ಪನಿಗೆ ಲೈಟರು ಸಿಕ್ಕಿದ್ದು ಆ ನಡುವಿನ ವರ್ಷಗಳಲ್ಲಿ. ಅಪ್ಪ ಕಟ್ಟಿಗೆ ವ್ಯಾಪಾರಿಯೊಬ್ಬರ ಹತ್ತಿರ ಲೆಕ್ಕ ಬರೆಯುತ್ತಿದ್ದ. ಪರದೇಶಿ ಸಾಮಾನು ಎಂದರೆ ಗೋವಾ ಎನ್ನುವುದು ನಮ್ಮ ಕಡೆ ಹಿಂದಿನಿಂದ ಬಂದ ಮಾತು. ಪೋರ್ಚುಗೀಸರ ಕಾಲದಲ್ಲಿ ಅಲ್ಲಿಂದ ಬರುವ ರೈಲಿಗೆ ಕ್ಯಾಸಲ್‌ರಾಕಿನಲ್ಲಿ ಕಸ್ಟಮ್ಸ್ ಕಟ್ಟೆ. ವಿಮೋಚನೆಯ ಮೇಲೆ ಆ ತಪಾಸಣೆ ಹೋಯಿತು. ಒಮ್ಮೆ ಅಪ್ಪ ಧಣಿಯ ಕೆಲಸದ ಮೇಲೆ ಲೋಂಡಾದಲ್ಲಿ ಮೀಟರ್‌ಗೇಜ್ ರೈಲು ಹತ್ತಿ ಮಡಗಾಂವಕ್ಕೆ ಹೋದವನು ಪೇಟೆಯಲ್ಲಿ ಒಂದು ಇಮ್ಕೋ ಲೈಟರು ಕೊಂಡು ತಂದ. ನಾನಿನ್ನೂ ಹುಟ್ಟಿರಲಿಲ್ಲ. ಇದು ಅವ್ವನ ಬಾಯಿಂದ ಕೇಳಿದ್ದು.

ಹೊಳಪಿನ ಉಕ್ಕಿನ ಸಣ್ಣ ಲೈಟರು. ಮೇಲಿನ ಮುಚ್ಚಳದ ಬಾಲದಂಥ ಪಟ್ಟಿಯನ್ನು ಹೆಬ್ಬೆರಳಿನಿಂದ ಒತ್ತಿದರೆ ಮುಚ್ಚಳ ಏಳುವುದು, ಚಕ್ರ ತಿರುಗುವುದು, ಕಿಡಿ ಹಾರಿ ಬತ್ತಿ ಹೊತ್ತುವುದು ಮೂರೂ ಒಟ್ಟಿಗೇ ಆಗುತ್ತಿದ್ದವು. ಸುತ್ತ ತೂತುಗಳಿದ್ದ ಗಾಳಿತಡೆ. ಇನ್ನೊಂದು ಜಾಣತನವನ್ನು ಅದರಲ್ಲಿ ಮಾಡಿಟ್ಟಿದ್ದರು. ಎಣ್ಣೆಯ ಪುಟ್ಟ ಕೊಳವೆಯನ್ನು ಬತ್ತಿ ಉರಿಯುತ್ತಿರುವಾಗಲೇ ಕೆಳಗಿನಿಂದ ಜಾರಿಸಿ ಹೊರತೆಗೆಯಬಹುದಿತ್ತು. ಆಗ ಅದು ಕೈಯಲ್ಲಿ ಹಿಡಿಯುವ ಗುಬ್ಬಿಗಾತ್ರದ ಮೇಣದಬತ್ತಿ. ಅಪ್ಪನಿಗೆ ಇದರ ಉಪಯೋಗ ಎಂದೂ ಬೀಳಲಿಲ್ಲ. ಸಿಗರೇಟು ಹೊತ್ತಿಸಲು ಕೊಳವೆ ಹೊರತೆಗೆಯುವ ಅಗತ್ಯವಿಲ್ಲವಲ್ಲ.

ಇಂಥ ಲೈಟರನ್ನು ಕೊಳ್ಳುವುದು ಒಂದು ದಿನದ ಮಾತು. ಇಟ್ಟುಕೊಳ್ಳುವುದು ದಿನದಿನದ ಮಾತು. ಒಳಗಿನ ಅರಳೆ ಕುಡಿದ ಪೆಟ್ರೋಲು ಹೊತ್ತಿಸದೆ ಇಟ್ಟರೂ ಆವಿಯಾಗಿ ಹೋಗುತ್ತದೆ. ಹತ್ತು ದಿನ ಮರೆತರೆ ಲೈಟರು ಬರೀ ಕಿಡಿ ಕಾರುತ್ತದೆ, ಹೊತ್ತುವುದಿಲ್ಲ. ಬತ್ತಿಯ ತುದಿ ಕರಿಕಟ್ಟಿದರೆ ಒಂದು ಎಳ್ಳಿನಷ್ಟು ಮೇಲೆಳೆದು ಕತ್ತರಿಸಬೇಕು. ಕಲ್ಲು ಸವೆದರೆ ತಿರುಪು ಬಿಚ್ಚಿ, ಸ್ಪ್ರಿಂಗ್ ತೆಗೆದು, ಹಳೆಯ ಚೂರನ್ನು ಉದುರಿಸಿ ಹೊಸದನ್ನು ಹಾಕಬೇಕು. ಸ್ಪ್ರಿಂಗ್ ಒಮ್ಮೆ ಕೈಜಾರಿ ಹಾರಿದರೆ ಮನೆಯೆಲ್ಲ ಗುಡಿಸಬೇಕು. ಈ ಕೆಲಸವನ್ನೆಲ್ಲ ನಮ್ಮ ಮನೆಯಲ್ಲಿ ಮಾಡುತ್ತಿದ್ದವಳು ಅವ್ವ. ಬೆಳಗಾವಿಯಿಂದ ಔಷಧದ ಸೀಸೆಯಲ್ಲಿ ಬಂದ ಪೆಟ್ರೋಲನ್ನು ಅವಳು ಹಿತ್ತಲಿನ ಕಪಾಟಿನಲ್ಲಿ, ಒಲೆಯಿಂದ ದೂರ ಇಡುತ್ತಿದ್ದಳು. ತುಂಬುವುದು ಹಗಲಿನಲ್ಲಿ, ಅಂಗಳದ ಕಟ್ಟೆಯ ಮೇಲೆ. ನಾವು ಶಾಲೆಗೆ ಬಳಸುತ್ತಿದ್ದ ಶಾಯಿಯ ಫಿಲ್ಲರಿನ ಜೊತೆಗಾರನೊಂದನ್ನು ಅದಕ್ಕೇ ಬೇರೆ ಮಾಡಿಟ್ಟಿದ್ದಳು. ಹನಿಹನಿಯಾಗಿ ಬಿಟ್ಟು, ಅರಳೆ ತೊಯ್ದರೆ ಸಾಕು, ತೊಟ್ಟಿಕ್ಕಬಾರದು ಎನ್ನುತ್ತಿದ್ದಳು. ಆಮೇಲೆ ಸೆರಗಿನಿಂದ ಒರೆಸಿ, ಕೈ ತೊಳೆದುಕೊಂಡು, ಸ್ವಲ್ಪ ಹೊತ್ತು ಗಾಳಿಗೆ ಬಿಟ್ಟು ಅಪ್ಪನ ಅಂಗಿಯ ಕಿಸೆಗೆ ಸೇರಿಸುತ್ತಿದ್ದಳು. ಗೆಳೆಯರ ಮುಂದೆ ಟಕ್ಕನೆ ಹೊತ್ತಿಸಿ ತೋರಿಸುವವನು ಅಪ್ಪ, ಅದು ಹೊತ್ತುವ ಹಾಗೆ ನೋಡಿಕೊಂಡವಳು ಅವ್ವ.

ಕಿಸೆ ಎಂದೆ. ಈ ಲೈಟರಿಗೆ ಕಿಸೆಯ ಲೈಟರು ಎಂದೇ ಹೆಸರು. ಯಾರ ಕಿಸೆ ಎಂದು ಯಾರೂ ಕೇಳಿಲ್ಲ. ಸೀರೆಗೆ ಕಿಸೆ ಎಲ್ಲಿದೆ? ಅವ್ವನ ದುಡ್ಡು ಸೆರಗಿನ ಗಂಟಿನಲ್ಲಿ, ಕೀಲಿ ಸೊಂಟದಲ್ಲಿ, ಬಸ್ಸಿನ ಟಿಕೇಟು ಕುಪ್ಪಸದೊಳಗೆ. ಬೆಂಕಿಯನ್ನು ಅಲ್ಲೆಲ್ಲೂ ಇಡುವಂತಿಲ್ಲ. ಒಯ್ಯುವ ಬೆಂಕಿ ಗಂಡಸಿನದಾಯಿತು, ಕೂತಲ್ಲೇ ಉರಿಯುವ ಬೆಂಕಿ ಹೆಂಗಸಿನದಾಯಿತು. ಇದನ್ನು ಯಾವ ಸರಕಾರವೂ ಕಾನೂನು ಮಾಡಿ ಹೇಳಲಿಲ್ಲ, ದರ್ಜಿಯ ಕತ್ತರಿಯೇ ಹೇಳಿತು. ಮಳೆಗಾಲದ ಬೆಳಗಿನಲ್ಲಿ ಒಲೆಯ ಮುಂದೆ ಕುಳಿತು ಒಂದರ ಮೇಲೊಂದು ಕಡ್ಡಿ ಕೊರೆಯುತ್ತಿದ್ದ ಅವ್ವನಿಗೆ ಹತ್ತು ಹೆಜ್ಜೆ ದೂರದಲ್ಲಿ, ಗೂಟಕ್ಕೆ ತೂಗುಬಿಟ್ಟ ಅಂಗಿಯಲ್ಲಿ, ತಾನೇ ತುಂಬಿದ ಲೈಟರು ಇರುತ್ತಿತ್ತು. ಕೇಳಿದರೆ ಅಪ್ಪ ಇಲ್ಲವೆನ್ನುತ್ತಿರಲಿಲ್ಲ. ಅವಳು ಕೇಳಲಿಲ್ಲ. ಅದು ಅಡಿಗೆಮನೆಯ ಸಾಮಾನಲ್ಲ ಎಂಬುದು ಇಬ್ಬರಿಗೂ ಗೊತ್ತಿದ್ದ ವಿಷಯದಂತೆ ನಡೆದುಹೋಗುತ್ತಿತ್ತು.

ಅಪ್ಪನಿಗೆ ಕೆಮ್ಮು ಮೊದಲಿಂದಲೂ ಇತ್ತು. ಬರಬರುತ್ತ ಅದು ರಾತ್ರಿಯೆಲ್ಲ ಮಲಗಗೊಡದ ಕೆಮ್ಮಾಯಿತು. ಲೈಟರಿಗೆ ಕಲ್ಲು ತಂದ ಬೆಳಗಾವಿಯ ಖಡೇಬಜಾರಿನ ದಾರಿಯಲ್ಲೇ ಆಮೇಲೆ ಔಷಧಿಗೆ ತಿರುಗಿದೆವು. ಸಿಗರೇಟು ಬಿಡು ಎಂದು ಡಾಕ್ಟರು ಹೇಳಿದಾಗ ಲೈಟರನ್ನು ಅವ್ವನ ಕೈಗೆ ಕೊಟ್ಟ. ಆದರೆ ಚಟ ಕಡ್ಡಿಪೆಟ್ಟಿಗೆಯಿಂದಲೂ ಹೊತ್ತಿಕೊಳ್ಳುತ್ತದೆ. 1993ರಲ್ಲಿ, ನಾನು ಬಿ.ಎಡ್. ಮುಗಿಸಿದ ವರ್ಷ, ಅಪ್ಪ ಹೋದ. ಸಾರ್ವಜನಿಕ ಜಾಗದಲ್ಲಿ ಸೇದಬಾರದೆಂಬ ನಿಯಮ ದೇಶದಲ್ಲೆಲ್ಲ ಬಿಗಿಯಾದದ್ದು 2008ರ ಅಕ್ಟೋಬರ್ 2ರಿಂದ. ಪ್ಯಾಕೆಟ್ಟಿನ ಮೇಲೆ ಭಯಂಕರ ಚಿತ್ರಗಳು ಬಂದದ್ದು ಅದಕ್ಕೂ ಆಮೇಲೆ. ಆದ್ದರಿಂದ ಲೈಟರಿನ ಸೊಗಸನ್ನು ಬರೆಯುವಾಗ ನನ್ನ ಕೈ ತುಸು ತಡೆಯುತ್ತದೆ. ಅದರ ಹೊಳಪು ನಿಜ, ಅದು ಹೊತ್ತಿಸಿದ್ದೂ ನಿಜ.

ನಮ್ಮ ಜಿಲ್ಲೆಯ ಇನ್ನೊಂದು ತುದಿಯಲ್ಲಿ ನಿಪ್ಪಾಣಿ ಇದೆ. ತಂಬಾಕಿನ ಊರು. ಅಲ್ಲಿ ಬೀಡಿ ಸುತ್ತುವ, ತಂಬಾಕಿನ ಧೂಳಿನಲ್ಲಿ ದುಡಿಯುವ ಹೆಣ್ಣುಮಕ್ಕಳು ಕೂಲಿಗಾಗಿ ಸಂಘಟಿತರಾಗಿ ಹೋರಾಡಿದ್ದನ್ನು ನಾವು ಪತ್ರಿಕೆಗಳಲ್ಲಿ ಓದಿದವರು. ದಕ್ಷಿಣಕ್ಕೆ ಹೋದರೆ ಶಿವಕಾಶಿ. ಅಯ್ಯ ನಾಡಾರ್, ಷಣ್ಮುಗ ನಾಡಾರ್ ಎಂಬ ಇಬ್ಬರು 1922ರಲ್ಲಿ ಕಲಕತ್ತೆಗೆ ಹೋಗಿ ಕಡ್ಡಿಪೆಟ್ಟಿಗೆ ಮಾಡುವುದನ್ನು ಕಲಿತು ಬಂದು ಮರುವರ್ಷ ಆರಂಭಿಸಿದ ಉದ್ಯಮ ಅದು. ಶಿವಕಾಶಿ, ಸಾತ್ತೂರು, ಕೋವಿಲ್‌ಪಟ್ಟಿಯ ಕಾರ್ಖಾನೆಗಳಲ್ಲಿ ದುಡಿಯುವವರಲ್ಲಿ ಬಹುಪಾಲು ಹೆಂಗಸರೇ. ಬೀಡಿ ಸುತ್ತಿದವಳು ಹೆಣ್ಣು, ಕಡ್ಡಿ ಮಾಡಿದವಳು ಹೆಣ್ಣು, ನಮ್ಮ ಮನೆಯಲ್ಲಿ ಲೈಟರು ತುಂಬಿದವಳೂ ಹೆಣ್ಣು. ಸೇದಿ ಕೆಮ್ಮಿದವನ ತಲೆಗಂಬಿನ ಹತ್ತಿರ ರಾತ್ರಿ ಎದ್ದು ಕುಳಿತವಳೂ ಅವಳೇ.

ಅಪ್ಪ ಹೋದ ಮುಂದಿನ ಮಳೆಗಾಲದ ಮಾತು. ಶ್ರಾವಣ ಸೋಮವಾರ, ಮೂರು ದಿನದಿಂದ ಕರೆಂಟಿಲ್ಲ. ಪೆಟ್ಟಿಗೆಯ ಕಡ್ಡಿಯೆಲ್ಲ ಮುಗಿದರೂ ದೇವರ ದೀಪ ಹೊತ್ತಲಿಲ್ಲ. ಅವ್ವ ಸುಮ್ಮನೆ ಎದ್ದು ಹೋಗಿ ಟ್ರಂಕಿನಿಂದ ಲೈಟರು ತೆಗೆದಳು, ಅದಕ್ಕೆ ಪೆಟ್ರೋಲು ಹನಿಸಿದಳು, ಕೈ ಒರೆಸಿಕೊಂಡು ಬಂದು ಒತ್ತಿದಳು. ಹೊತ್ತಿತು. ಉರಿಯುವ ಕೊಳವೆಯನ್ನು ಕೆಳಗಿನಿಂದ ಜಾರಿಸಿ ಹೊರತೆಗೆದು ನೀಲಾಂಜನದ ಬತ್ತಿಗೆ ಹಿಡಿದಳು. ಬಾಣಂತಿ ಮಗಳನ್ನು ನೋಡಲು ಬಂದಿದ್ದ ನಮ್ಮ ಸೋದರತ್ತೆ ಗಾಬರಿಯಾದಳು.

"ವೈನೀ, ಅಣ್ಣ ಸಿಗರೇಟ ಹಚ್ಚತಿದ್ದದ್ದು ಇದರ್ಲೆ. ದೇವರ ದೀಪಾನೂ ಇದರ್ಲೇ ಹಚ್ಚತೀಯೇನ?"

ಅವ್ವ ದೀಪದ ಕುಡಿ ನಿಲ್ಲುವ ತನಕ ಮಾತಾಡಲಿಲ್ಲ. ಆಮೇಲೆ ಹೇಳಿದಳು: "ಬೆಂಕಿಗೆ ಎಲ್ಲೀ ಮೈಲಿಗಿ? ಎಮ್ಮಿ ಈಸಿದ ಹೊಳಿ ನೀರನ್ನ ತಂದು ದೇವರಿಗೆ ಹಾಕೂದಿಲ್ಲೇನ? ಸೇದಿದ್ದು ಅವರು. ತುಂಬಿದಾಕಿ ನಾ."

ಅಂದಿನಿಂದ ಲೈಟರಿನ ಜಾಗ ಅಡಿಗೆಕೋಣೆಯ ಮಾಡವಾಯಿತು. ಒಲೆ, ಚಿಮಣಿ, ಸ್ಟೋವು, ದೇವರ ದೀಪ ಎಲ್ಲಕ್ಕೂ ಅದೇ. ಅದರ ಕೊಳವೆಯ ಜಾಣತನ ಯಾರಿಗಾಗಿ ಮಾಡಿದ್ದೋ ನಾನರಿಯೆ. ಒಲೆಯ ಬಾಯಿಗೆ, ಸ್ಟೋವಿನ ತಟ್ಟೆಗೆ ಕೈ ಸುಡದಂತೆ ಬೆಂಕಿ ಮುಟ್ಟಿಸಲು ಅದಕ್ಕಿಂತ ಸರಿಯಾದದ್ದು ಇನ್ನೊಂದಿರಲಿಲ್ಲ. ಮೂವತ್ತು ವರ್ಷ ಅದು ತಪ್ಪು ಜಾಗದಲ್ಲಿತ್ತು ಎಂದು ನನಗೆ ಅನ್ನಿಸಿದ್ದು ಆಗ.

ಈಗ ನಮ್ಮೆಲ್ಲರ ಅಡಿಗೆಮನೆಯಲ್ಲಿ ಗ್ಯಾಸ್ ಲೈಟರು ಮೊಳೆಗೆ ತೂಗುತ್ತಿದೆ. ಅದರಲ್ಲಿ ಎಣ್ಣೆಯಿಲ್ಲ, ಸವೆಯುವ ಕಲ್ಲಿಲ್ಲ. ಕೆಲವು ಹರಳುಗಳನ್ನು ಒತ್ತಿದರೆ ವಿದ್ಯುತ್ತು ಹುಟ್ಟುತ್ತದೆ ಎಂದು ಕ್ಯೂರಿ ಸಹೋದರರು 1880ರಲ್ಲಿ ಕಂಡುಕೊಂಡ ಗುಣದಿಂದ ಅದು ಟಕ್ ಎಂದು ಕಿಡಿ ಹಾರಿಸುತ್ತದೆ. ಹೆಂಗಸರಿಗೆ ಕೊನೆಗೂ ಒಂದು ಲೈಟರು ಬಂತು, ಆದರೆ ಸ್ವಂತ ಬೆಂಕಿಯಿಲ್ಲದ್ದು. ಸಿಲಿಂಡರು ಮುಗಿದರೆ ಅದು ಬರೀ ಸದ್ದು.

ಗಂಡಸರ ಕಿಸೆಗೆ ಬಂದದ್ದು ಪ್ಲಾಸ್ಟಿಕ್ಕಿನ ಲೈಟರು. ಫ್ರಾನ್ಸಿನ ಬಿಕ್ ಕಂಪನಿ 1973ರಲ್ಲಿ ಅಂಥದ್ದನ್ನು ಪೇಟೆಗೆ ಬಿಟ್ಟಿತು. ಮುಂದೆ ಅದಕ್ಕಿಂತ ಅಗ್ಗದವು ಬಂದವು. ಮುಗಿದರೆ ಎಸೆಯುವುದು, ತುಂಬುವ ಮಾತೇ ಇಲ್ಲ. ಇತ್ತ 2021ರ ಡಿಸೆಂಬರಿನಲ್ಲಿ ಕಡ್ಡಿಪೆಟ್ಟಿಗೆಯ ಬೆಲೆ ಒಂದು ರೂಪಾಯಿಂದ ಎರಡಕ್ಕೆ ಏರಿತು. ಹದಿನಾಲ್ಕು ವರ್ಷ ಅದು ಒಂದೇ ರೂಪಾಯಿಗೆ ನಿಂತಿತ್ತು. ಪ್ಲಾಸ್ಟಿಕ್ ಲೈಟರಿನಿಂದ ಕಡ್ಡಿಪೆಟ್ಟಿಗೆಯವರ ಹೊಟ್ಟೆಗೆ ಪೆಟ್ಟು ಬೀಳುತ್ತಿದೆ ಎಂದು ತಮಿಳುನಾಡಿನ ಮುಖ್ಯಮಂತ್ರಿ 2022ರಲ್ಲಿ ಕೇಂದ್ರಕ್ಕೆ ಪತ್ರ ಬರೆದರು. 2023ರ ಜೂನಿನಲ್ಲಿ ಇಪ್ಪತ್ತು ರೂಪಾಯಿಗಿಂತ ಕಡಿಮೆ ಬೆಲೆಯ ಸಿಗರೇಟ್ ಲೈಟರುಗಳ ಆಮದನ್ನು ಕೇಂದ್ರ ಸರಕಾರ ನಿಷೇಧಿಸಿತು. 1934, 1937, 2023. ಮೂರು ಸರಕಾರ, ಅಕ್ಕತಂಗಿಯರ ಅದೇ ಹಳೆಯ ಜಗಳ. ಬ್ರಿಟಿಷರು ನೋಡಿದ್ದು ಬೊಕ್ಕಸವನ್ನು, ಸಾಲಾಜಾರ ನೋಡಿದ್ದು ತನ್ನ ದೇಶದ ಕಾರ್ಖಾನೆಯನ್ನು. ಈ ಸಲದ ನಿಷೇಧದ ಹಿಂದೆ ಕಡ್ಡಿ ಜೋಡಿಸುವ ಹೆಣ್ಣುಮಕ್ಕಳ ಕೂಲಿಯ ಪ್ರಶ್ನೆಯೂ ಇದ್ದುದರಿಂದ ನಾನು ಅದನ್ನು ನಗುವ ವಿಷಯ ಮಾಡಲಾರೆ.

ಎಸೆಯುವ ಲೈಟರಿಗೂ ಅವ್ವನ ಲೈಟರಿಗೂ ಹೆಸರೊಂದೇ, ಜಾತಿ ಬೇರೆ. ಇಮ್ಕೋ ಕಂಪನಿ 2012ರಲ್ಲಿ ತನ್ನ ಹಳೆಯ ಕಾರ್ಖಾನೆಯನ್ನು ಮುಚ್ಚಿತು. ಅದು ಮಾಡಿದ ಲೈಟರು ಮಾತ್ರ ಬೆಳಗಾವಿಯ ನನ್ನ ಮನೆಯಲ್ಲಿ ಈಗಲೂ ಹೊತ್ತುತ್ತದೆ. ಅವ್ವ ಹೋಗಿ ಆರು ವರ್ಷವಾಯಿತು. ನಾಲ್ಕು ಸಲ ಬತ್ತಿ ಬದಲಾಗಿದೆ, ಕಲ್ಲಿನ ಲೆಕ್ಕ ಇಟ್ಟಿಲ್ಲ. ಮಗ ಒಮ್ಮೆ, ಇದಕ್ಕೆ ಈಗ ಹಳೆಯ ಸಾಮಾನು ಕೂಡಿಡುವವರು ಒಳ್ಳೆಯ ಬೆಲೆ ಕೊಡುತ್ತಾರೆ ಎಂದ. ಕೊಡಲಿ. ಅವರು ಅದನ್ನು ಗಾಜಿನ ಕಪಾಟಿನಲ್ಲಿ ಇಡುತ್ತಾರೆ, ಹತ್ತು ದಿನದಲ್ಲಿ ಒಳಗಿನ ಅರಳೆ ಒಣಗುತ್ತದೆ. ಮತ್ತೆ ಮತ್ತೆ ತುಂಬುವ ಕೈ ಇರುವ ತನಕ ಮಾತ್ರ ಅದು ಲೈಟರು. ಸೊಸೆ ಕೆಲಸಕ್ಕೆ ಹೋಗುವ ಚೂಡಿದಾರದ ಅಂಗಿಗೆ ಈಗ ದರ್ಜಿಗೆ ಹೇಳಿ ಕಿಸೆ ಇಡಿಸಿಕೊಳ್ಳುತ್ತಾಳೆ. ಫಿಲ್ಲರು ಹಿಡಿಯುವುದನ್ನು ಅವಳಿಗೆ ತೋರಿಸಿಕೊಟ್ಟಿದ್ದೇನೆ. ಅರಳೆ ತೊಯ್ದರೆ ಸಾಕು, ತೊಟ್ಟಿಕ್ಕಬಾರದು.